ಈಗ ಹೇಳಿದ್ದು ಈಗಲೇ ಜಾರಿಹೋದರೆ: ಆಟಿಸಂ ಇರುವ ದೊಡ್ಡವರಿಗೆ ಅಡುಗೆಮನೆ, ಮಾತ್ರೆ, ಮೋಟರು, ಆಫೀಸು

ಚುಕ್ಕಿರಂಗೋಲಿ

ಆಟಿಸಂ ಸ್ಪೆಕ್ಟ್ರಮ್‌ನಲ್ಲಿರುವ ಮಕ್ಕಳ ಬಗ್ಗೆ ಕನ್ನಡದಲ್ಲಿ ಅಷ್ಟೋ ಇಷ್ಟೋ ಓದಲು ಸಿಗುತ್ತದೆ. ದೊಡ್ಡವರ ಬಗ್ಗೆ, ಅದರಲ್ಲೂ ತಕ್ಷಣದ ನೆನಪಿನ ತೊಂದರೆ ಬಗ್ಗೆ, ಹುಡುಕಿದರೂ ಇಲ್ಲ. ಹತ್ತು ವರ್ಷದ ಹಿಂದಿನ ಬಸ್ ನಂಬರು ನಾಲಿಗೆ ತುದಿಯಲ್ಲಿರುತ್ತದೆ; "ಒಳಗಿಂದ ಕತ್ತರಿ ತಾ" ಅಂದರೆ ಒಳಗೆ ಹೋಗಿ ನಿಲ್ಲುವಷ್ಟರಲ್ಲಿ ಕತ್ತರಿ ಮಾಯ. ಮನೆಯವರು "ಬೇಕಂತಲೇ ಮಾಡ್ತಾರೆ" ಅಂತ ತಿಳಿಯುವುದು ಇಲ್ಲಿಯೇ.

ಈ ಚರ್ಚೆಗೆ ಬರುವವರನ್ನು ಕೇಳಬೇಕಾದ್ದು ಇಷ್ಟು: ಕುಕ್ಕರ್ ಮತ್ತು ಗ್ಯಾಸ್, ದಿನದ ಮಾತ್ರೆ, ನೀರಿನ ಮೋಟರ್, ಬಾಯಲ್ಲಿ ಹೇಳುವ ಕೆಲಸ, ಆಫೀಸು. ಒಂದೊಂದಕ್ಕೂ ನಿಜವಾಗಿ ಕೆಲಸ ಮಾಡುವ ಉಪಾಯ ಬೇಕು. ಬಾದಾಮಿ ನೆನೆಸಿ ತಿನ್ನಿ ಎನ್ನುವ ಉತ್ತರ ದಯವಿಟ್ಟು ಬೇಡ.

ಮಗ್ಗಿಪುಸ್ತಕ

ಉಪಾಯಕ್ಕೆ ಮೊದಲು ಎರಡು ವಿಷಯ ಬಿಡಿಸಿಕೊಳ್ಳೋಣ, ಇಲ್ಲದಿದ್ದರೆ ಯಾವ ಉಪಾಯ ಏಕೆ ಕೈಕೊಡುತ್ತದೆ ಎಂದು ಗೊತ್ತಾಗುವುದಿಲ್ಲ.

ನೆನಪಿಟ್ಟುಕೊಳ್ಳುವುದು ಬೇರೆ, ನೆನಪಿನಲ್ಲಿ ಹಿಡಿದುಕೊಂಡು ಅದರ ಮೇಲೆ ಕೆಲಸ ಮಾಡುವುದು ಬೇರೆ. ಎರಡನೆಯದಕ್ಕೆ ವರ್ಕಿಂಗ್ ಮೆಮೊರಿ ಎನ್ನುತ್ತಾರೆ. ಮನೋವಿಜ್ಞಾನಿಗಳಾದ ಅಲನ್ ಬ್ಯಾಡ್ಲಿ ಮತ್ತು ಗ್ರಹಾಂ ಹಿಚ್ 1974ರಲ್ಲಿ ಇದರ ಮಾದರಿಯನ್ನು ಮುಂದಿಟ್ಟರು. 16ರ ಮಗ್ಗಿಯನ್ನು ಗಟಗಟ ಒಪ್ಪಿಸುವ ಹುಡುಗನಿಗೆ 48ಕ್ಕೆ 37 ಕೂಡಿಸು ಅನ್ನಿ. 8 ಮತ್ತು 7 ಸೇರಿ 15, 5 ಇಟ್ಟು ದಶಕ 1. ಆ ದಶಕವನ್ನು ಹಿಡಿದುಕೊಂಡೇ 4ಕ್ಕೆ 3 ಕೂಡಿಸಬೇಕು. ಕೂಡಿಸುವ ಹೊತ್ತಿಗೆ ದಶಕ ಬಿದ್ದುಹೋಗಿರುತ್ತದೆ, ಉತ್ತರ 75 ಬರುತ್ತದೆ. ಮಗ್ಗಿ ಎಲ್ಲಿಯೂ ಹೋಗಿಲ್ಲ. "ಅದು ನೆನಪಿರತ್ತೆ, ಇದು ಮಾತ್ರ ಹೇಗೆ ಮರೆಯತ್ತೆ?" ಎನ್ನುವ ಮನೆಯವರ ಸಂಶಯಕ್ಕೆ ಉತ್ತರ ಈ ಲೆಕ್ಕದಲ್ಲೇ ಇದೆ.

ಅಳತೆಯ ಮಾತು. ಒಮ್ಮೆಗೆ ಏಳು ಸಂಗತಿ ಹಿಡಿಯಬಹುದು ಎನ್ನುವ ಹಳೇ ಮಾತು ಜಾರ್ಜ್ ಮಿಲ್ಲರ್ ಅವರ 1956ರ ಲೇಖನದಿಂದ ಬಂದದ್ದು. 2001ರಲ್ಲಿ ನೆಲ್ಸನ್ ಕೋವನ್ ಅದನ್ನು ಸುಮಾರು ನಾಲ್ಕಕ್ಕೆ ಇಳಿಸಿದರು. ಇದು ಎಲ್ಲರ ಲೆಕ್ಕ. ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿರುವುದನ್ನು ಯಾರಾದರೂ ತಡೆದರೆ ಸಾಮಾನ್ಯರಿಗೂ ಮೂರು ಅಕ್ಷರ 18 ಸೆಕೆಂಡಿನಲ್ಲಿ ಬಹುಪಾಲು ಅಳಿಸಿಹೋಗುತ್ತದೆ ಎಂದು ಪೀಟರ್ಸನ್ ದಂಪತಿ 1959ರಲ್ಲೇ ತೋರಿಸಿದ್ದರು. ಅಂದರೆ ಎಲ್ಲರ ಕೈಯಲ್ಲೂ ಇರುವುದು ಸಣ್ಣ ತಟ್ಟೆಯೇ. ಮಿಕ್ಸಿಯ ಸದ್ದು, ಟ್ಯೂಬ್‌ಲೈಟಿನ ಮಿಣುಕು, ಎದುರಿನವರ ಮುಖ ನೋಡುತ್ತ ಸರಿಯಾಗಿ ನಡೆದುಕೊಳ್ಳಬೇಕೆಂಬ ಪ್ರಯತ್ನ, ಇವೆಲ್ಲ ಆ ತಟ್ಟೆಯ ಜಾಗವನ್ನು ಮೊದಲೇ ತಿಂದಿರುತ್ತವೆ. ಉಳಿದ ಜಾಗದಲ್ಲಿ ಕತ್ತರಿಗೆ ಎಡೆ ಇಲ್ಲ.

ಇನ್ನೆರಡು ವಿಷಯ ಕೆಳಗೆ ಉಪಾಯ ಹೇಳುವವರಿಗೆ ಆಧಾರವಾಗಬಹುದು. ಒಂದು: "ಏನೇನಿತ್ತು ಹೇಳು" ಎಂದರೆ ತಡವರಿಸುವ ಆಟಿಸಂ ಇರುವವರು, ಸುಳಿವು ಕಣ್ಣೆದುರು ಇಟ್ಟರೆ ಬಹಳ ಸಲ ಉಳಿದವರಷ್ಟೇ ಚೆನ್ನಾಗಿ ಗುರುತಿಸುತ್ತಾರೆ. ಸಂಶೋಧಕ ಡರ್ಮಟ್ ಬೌಲರ್ ಮತ್ತು ಅವರ ಜೊತೆಯವರ ಕೆಲಸ ಇದನ್ನೇ ಹೇಳುತ್ತದೆ. ಎರಡು: "ಎಂಟು ಗಂಟೆಗೆ ಮಾಡು" ಎನ್ನುವುದಕ್ಕಿಂತ "ಹಲ್ಲುಜ್ಜಿದ ಮೇಲೆ ಮಾಡು" ಎನ್ನುವುದು ಹೆಚ್ಚು ನಿಲ್ಲುತ್ತದೆ. ಗಡಿಯಾರವನ್ನು ಆಗಾಗ ನೋಡಬೇಕು ಎನ್ನುವುದೇ ನೆನಪಿಡಬೇಕಾದ ಮತ್ತೊಂದು ಕೆಲಸ. ಹಲ್ಲುಜ್ಜುವುದು ತಾನಾಗಿ ಬಂದೇ ಬರುತ್ತದೆ.

ಒಗ್ಗರಣೆಸೌಟು

ಅಡುಗೆಮನೆ ನನಗೆ ಬಿಡಿ.

ಮೊದಲು ವಿಶಲ್ ಎಣಿಸೋದು ನಿಲ್ಲಿಸಿ. ಎಣಿಕೆ ಅನ್ನೋದೇ ತಲೆಯಲ್ಲಿ ಹಿಡಿಯೋ ಕೆಲಸ. ಎರಡನೇದಕ್ಕೂ ಮೂರನೇದಕ್ಕೂ ನಡುವೆ ಕಾಲಿಂಗ್ ಬೆಲ್ ಆದರೆ ಮುಗಿಯಿತು. ಅಲ್ಲದೆ ವಿಶಲ್ಲಿಗೆ ಅರ್ಥವೇ ಇಲ್ಲ: ಉರಿ ದೊಡ್ಡದಿದ್ದರೆ ಐದು ನಿಮಿಷಕ್ಕೆ ನಾಲ್ಕು ಕೂಗುತ್ತೆ, ಸಿಮ್ಮಿನಲ್ಲಿಟ್ಟರೆ ಒಂದೂ ಕೂಗದೇ ಬೆಂದಿರುತ್ತೆ. ಬೇಯಿಸೋದು ಒತ್ತಡ ಮತ್ತು ಹೊತ್ತು. ಹಾಗಾಗಿ ಮೊದಲ ವಿಶಲ್ ಬಂದ ತಕ್ಷಣ ಉರಿ ಸಿಮ್ಮಿಗೆ ಇಳಿಸಿ ಟೈಮರ್ ಒತ್ತಿ. ಅನ್ನಕ್ಕೆ 5 ನಿಮಿಷದಿಂದ ಶುರು ಮಾಡಿ. ನೆನೆಸಿದ ತೊಗರಿಬೇಳೆಗೆ 8ರಿಂದ 10. ನಿಮ್ಮ ಕುಕ್ಕರು, ನಿಮ್ಮ ಅಕ್ಕಿಗೆ ಒಂದೆರಡು ಸಲ ಹೆಚ್ಚುಕಮ್ಮಿ ಮಾಡಿ ನೋಡಿ, ಸರಿಹೋದ ಅಂಕಿಯನ್ನು ಪೇಂಟ್ ಮಾರ್ಕರಿನಲ್ಲಿ ಕುಕ್ಕರಿನ ಹಿಡಿಯ ಮೇಲೇ ಬರೆದುಬಿಡಿ: "ಅಕ್ಕಿ 5, ಬೇಳೆ 10". ಗೋಡೆ ಮೇಲಿನ ಚಾರ್ಟು ಬೇಡ. ಕೈ ಎಲ್ಲಿರುತ್ತೋ ಅಕ್ಷರ ಅಲ್ಲಿರಬೇಕು.

ಟೈಮರು ಫೋನಿನಲ್ಲಿ ಬೇಡ. ಟೈಮರ್ ಹಾಕೋಕೆ ಫೋನ್ ತೆಗೆದವರು ವಾಟ್ಸಾಪ್ ನೋಡಿ, ಟೈಮರ್ ಹಾಕದೇ ಜೇಬಿಗಿಟ್ಟುಕೊಳ್ಳುತ್ತಾರೆ. ಫ್ರಿಜ್ಜಿಗೆ ಅಂಟುವ ಅಯಸ್ಕಾಂತದ ಸಣ್ಣ ಟೈಮರ್ ಪಾತ್ರೆ ಅಂಗಡಿಯಲ್ಲಿ ಸಿಗುತ್ತೆ. ಅಡುಗೆಮನೆ ಬಿಟ್ಟು ಹೊರಗೆ ಹೋಗೋದಾದರೆ ಅದನ್ನೂ ಕಿತ್ತು ಜೊತೆಗೆ ಒಯ್ಯಿರಿ.

ನೀರಿನ ಅಳತೆ. "ಒಂದು ಲೋಟ ಅಕ್ಕಿಗೆ ಎರಡೂವರೆ ಲೋಟ ನೀರು" ಅಂತ ಲೋಟ ಲೋಟವಾಗಿ ಸುರಿಯುವಾಗಲೇ ಲೆಕ್ಕ ತಪ್ಪೋದು. ಒಂದು ಜಗ್ಗಿಗೆ ಒಮ್ಮೆ ಅಳೆದು ಹಾಕಿ, ನೀರು ನಿಂತ ಮಟ್ಟಕ್ಕೆ ಗೆರೆ ಎಳೆದು "1 ಅಕ್ಕಿ" ಅಂತ ಬರೆಯಿರಿ, ಇನ್ನೂ ಮೇಲೆ "2 ಅಕ್ಕಿ". ಅವತ್ತಿನಿಂದ ಎಣಿಕೆ ಇಲ್ಲ, ಗೆರೆ ತನಕ ತುಂಬಿಸೋದು ಅಷ್ಟೆ.

ಉಪ್ಪು ಎರಡು ಸಲ ಬೀಳೋದು ಇನ್ನೊಂದು ಗೋಳು. ಸಾರಿಗೆ ಬೇಕಾದ ಉಪ್ಪು, ಪುಡಿ, ಹುಣಸೆರಸ, ಬೆಲ್ಲ ಎಲ್ಲವನ್ನೂ ಒಲೆ ಹಚ್ಚೋ ಮುಂಚೆ ಬಟ್ಟಲುಗಳಲ್ಲಿ ಒಲೆಯ ಎಡಕ್ಕೆ ಸಾಲಾಗಿ ಇಡಿ. ಹಾಕಿದ್ದು ಬಲಕ್ಕೆ ಹೋಗಬೇಕು. ಖಾಲಿ ಬಟ್ಟಲು ಅಂದರೆ ಹಾಕಿಯಾಗಿದೆ. ಉಪ್ಪಿನ ಭರಣಿ ಮಾತ್ರ ಒಲೆ ಹತ್ತಿರ ಇರಲೇಬಾರದು. ಕೈಗೆ ಸಿಕ್ಕರೆ ಕೈ ಹಾಕೇ ಹಾಕುತ್ತೆ.

ಕುಕ್ಕರ್ ವೆಯ್ಟ್ ಹಾಕೋದು ಮರೆತು ನೀರೆಲ್ಲ ಆವಿಯಾಗಿ ತಳ ಸುಟ್ಟುಕೊಳ್ಳೋರಿಗೆ: ವೆಯ್ಟ್ ಮತ್ತು ಗ್ಯಾಸ್ ಲೈಟರ್ ಎರಡನ್ನೂ ಒಂದೇ ಬಟ್ಟಲಲ್ಲಿಡಿ. ಲೈಟರ್ ಎತ್ತುವಾಗ ವೆಯ್ಟ್ ಕಣ್ಣಿಗೆ ಬಿದ್ದೇ ಬೀಳುತ್ತೆ. ಆವಿ ಬಂದ ಮೇಲೆ ವೆಯ್ಟ್ ಹಾಕೋ ಕುಕ್ಕರ್ ಆದರೆ ಅದು ಕೈಯಲ್ಲೇ ಇರಲಿ, ಕೆಳಗೆ ಇಟ್ಟರೆ ಹೋಯಿತು.

ಒಲೆ ಉರಿಯುತ್ತಿದೆ ಅನ್ನೋದಕ್ಕೆ ಮೈಮೇಲೆ ಒಂದು ಗುರುತು ಬೇಕು. ಉರಿ ಇರೋವರೆಗೂ ಅಡುಗೆ ಬಟ್ಟೆಯನ್ನು ಹೆಗಲಿನಿಂದ ತೆಗೆಯಬಾರದು. ನಡುಮನೆಯಲ್ಲಿ ಕೂತಾಗ ಹೆಗಲಲ್ಲಿ ಮಸಿಬಟ್ಟೆ ಕಂಡರೆ ಒಲೆ ಆನ್ ಇದೆ ಅಂತ. ನೋಡೋಕೆ ಚಂದ ಇಲ್ಲ, ಆದರೆ ಕೆಲಸ ಮಾಡುತ್ತೆ.

ಗಿರಗಿಟ್ಲೆ

ವಿಶಲ್ಲಿಗೆ ಅವರೆಕಾಳು ಇದೆಯಲ್ಲ? ಒಂದು ಕೂಗಿಗೆ ಒಂದು ಕಾಳು ಈ ಬಟ್ಟಲಿಂದ ಆ ಬಟ್ಟಲಿಗೆ. ತಲೆಗೆ ಕೆಲಸ ಇಲ್ಲ.

ಒಗ್ಗರಣೆಸೌಟು

ಪಕ್ಕದಲ್ಲೇ ನಿಂತಿದ್ದರೆ ಸರಿ. ಬೇರೆ ಕೋಣೆಯಲ್ಲಿ ಕೂಗು ಕೇಳಿಸಿ, ಎದ್ದು ಬರೋ ದಾರಿಯಲ್ಲಿ ಯಾರೋ ಮಾತಾಡಿಸಿದರೆ? ಕಾಳು ಅಲ್ಲೇ ಉಳಿಯುತ್ತೆ. ಟೈಮರ್ ನಾವು ಬರೋವರೆಗೂ ಬಡ್ಕೋತಾನೇ ಇರುತ್ತೆ.

ಒಂದು ಸೇರಿಸಬೇಕಿತ್ತು. ಒಬ್ಬರೇ ಇರುವವರು ಗ್ಯಾಸಿಗಿಂತ ಇಂಡಕ್ಷನ್ ಒಲೆ ಇಟ್ಟುಕೊಳ್ಳೋದು ಮೇಲು. ಅದರ ಟೈಮರ್ ಬರೀ ಕೂಗೋದಿಲ್ಲ, ಒಲೆಯನ್ನೇ ಆರಿಸುತ್ತೆ. ಪಾತ್ರೆ ತಳಕ್ಕೆ ಅಯಸ್ಕಾಂತ ಅಂಟಬೇಕು ಅಷ್ಟೆ. ಮಾಮೂಲಿ ಅಲ್ಯುಮಿನಿಯಂ ಕುಕ್ಕರ್ ಅದರ ಮೇಲೆ ಕಾಯೋದಿಲ್ಲ. ಹಾಲಿಗೆ ಎರಡು ಪದರದ ಹಾಲಿನ ಕುಕ್ಕರ್, ಅದರ ಹೊಟ್ಟೆಗೆ ನೀರು ಹಾಕೋದೇ ಮರೆಯೋ ಕೆಲಸ, ಆದ್ದರಿಂದ ತೊಳೆದ ಕೂಡಲೇ ನೀರು ತುಂಬಿಸಿಯೇ ಕಪಾಟಿಗೆ ಇಡಿ.

ಮಲಪ್ರಭಾತೀರ

ಮಾತ್ರಿ ವಿಷಯ ಹೇಳ್ತೀನ್ರಿ. "ತಗೊಂಡೆನೋ ಇಲ್ಲೋ" ಅನ್ನೂ ಪ್ರಶ್ನಿನ ತಪ್ಪು. ಆ ಪ್ರಶ್ನಿಗೆ ತಲಿ ಉತ್ತರ ಕೊಡಬಾರದು, ಡಬ್ಬಿ ಕೊಡಬೇಕು. ದಿನಾ ಮಾಡೂ ಕೆಲಸದ ನೆನಪು ಒಂದರ ಮ್ಯಾಲೊಂದು ಕೂತು ಎಲ್ಲಾ ಒಂದ ಥರಾ ಕಾಣ್ತಾವ. ನಿನ್ನಿ ತಗೊಂಡದ್ದು ಇವತ್ತಿನದು ಅನಸ್ತದ.

ಏಳು ದಿನದ್ದು, ದಿನಕ್ಕ ಎಷ್ಟು ಹೊತ್ತು ಮಾತ್ರಿ ಅದನೋ ಅಷ್ಟು ಮನಿ ಇರೂ ಡಬ್ಬಿ ತಗೋರಿ. ರವಿವಾರ ಒಂದ ಸಲ ತುಂಬ್ರಿ, ಟಿವಿ ಬಂದ್ ಮಾಡಿ. ತುಂಬೂ ಮುಂದ ಒಂದು ಔಷಧ ಪೂರಾ ಏಳೂ ಮನಿಗೆ ಹಾಕಿ, ಆಮ್ಯಾಲ ಮುಂದಿನ ಔಷಧಕ್ಕ ಹೋಗ್ರಿ. ಒಂದು ದಿನದ್ದು ಎಲ್ಲಾ ಹಾಕಿ ಮತ್ತ ಮುಂದಿನ ದಿನಕ್ಕ ಹೋದ್ರ ನಡುವ ಯಾವುದೋ ಬಿಟ್ಟು ಹೋಗ್ತದ. ಕೊನಿಗೆ ಪ್ರತಿ ಮನಿಯೊಳಗ ಎಷ್ಟು ಮಾತ್ರಿ ಅವ ಅಂತ ಎಣಿಸ್ರಿ, ಒಂದ ಹೊತ್ತಿನ ಏಳೂ ಮನಿಯೊಳಗ ಅಂಕಿ ಒಂದ ಇರಬೇಕು.

ಎಲ್ಲಾ ಮಾತ್ರಿ ಸ್ಟ್ರಿಪ್ಪಿನಿಂದ ಬಿಡಿಸಿ ಹಾಕೂ ಹಂಗಿಲ್ರಿ. ಆಟಿಸಂ ಜೊತಿ ಫಿಟ್ಸ್ ಇದ್ದವರಿಗೆ ಕೊಡೂ ಸೋಡಿಯಂ ವಾಲ್ಪ್ರೊಯೇಟ್ ಗಾಳಿಯೊಳಗಿನ ತೇವ ಹೀರ್ತದ. ಅದನ್ನ ಕತ್ತರಿಲೆ ಸ್ಟ್ರಿಪ್ ಸಮೇತ ಕತ್ತರಿಸಿ ಡಬ್ಬಿಗೆ ಹಾಕ್ರಿ. ಮೂಲಿ ಚೂಪ ಇರ್ತಾವ, ಮುಟ್ಟಿದ್ರ ತ್ರಾಸ ಆಗೂ ಮಂದಿಗೆ ಮೂಲಿ ದುಂಡಗ ಕತ್ತರಿಸಿ ಕೊಡ್ರಿ.

ಡಬ್ಬಿ ಟೂತ್‌ಬ್ರಶ್ ಇಡೂ ಲೋಟದ ಹತ್ರ, ಆದ್ರ ಬಚ್ಚಲದೊಳಗ ಅಲ್ಲ. ಅಲಾರಂ ಇಟ್ರ, ಮಾತ್ರಿ ನುಂಗಿದ ಮ್ಯಾಲೆನ ಬಂದ್ ಮಾಡಬೇಕು. ಮೊದಲ ಬಂದ್ ಮಾಡಿ "ಈಗ ತಗೋತೀನಿ" ಅಂದ್ರ ಅದು ಹೋತು. ಇನ್ನ ಒಂದು ಹೊತ್ತು ತಪ್ಪಿದ್ರ ಏನು ಮಾಡಬೇಕು ಅನ್ನೂದು ಔಷಧದಿಂದ ಔಷಧಕ್ಕ ಬ್ಯಾರೆ. ಡಾಕ್ಟರ್ ಕಡೆ ಹೋದಾಗ ಒಂದೊಂದಕ್ಕೂ ಕೇಳಿ ಡಬ್ಬಿ ಮುಚ್ಚಳದ ಒಳಗ ಬರದಿಡ್ರಿ. ಅನುಮಾನ ಬಂತಂತ ಇನ್ನೊಂದು ನುಂಗಬ್ಯಾಡ್ರಿ.

ಸ್ಟೆತಸ್ಕೋಪು

ವೈದ್ಯಕೀಯ ಕಡೆಯಿಂದ. ತಕ್ಷಣದ ನೆನಪಿನ ತೊಂದರೆಯನ್ನೆಲ್ಲ ಆಟಿಸಂ ಖಾತೆಗೆ ಬರೆದುಬಿಡುವುದು ಇನ್ನೊಂದು ತಪ್ಪು. ಸರಿಪಡಿಸಬಹುದಾದ್ದು ಏನಾದರೂ ಇದೆಯೇ ಎಂದು ಮೊದಲು ನೋಡಿ.

ರಕ್ತದಲ್ಲಿ ಬಿ12, ಥೈರಾಯ್ಡ್, ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ). ಶುದ್ಧ ಸಸ್ಯಾಹಾರಿಗಳಲ್ಲಿ ಬಿ12 ಕೊರತೆ ಸಾಮಾನ್ಯ. ಆಟಿಸಂ ಜೊತೆ ಊಟದ ಪಟ್ಟಿ ಮೊಸರನ್ನ, ಬಿಸ್ಕತ್ತಿಗೆ ಇಳಿದಿದ್ದರೆ ಕಬ್ಬಿಣದ ಅಂಶವೂ ಕಡಿಮೆ ಇರಬಹುದು. ನಿದ್ದೆ: ಗೊರಕೆ, ರಾತ್ರಿ ಉಸಿರು ಕಟ್ಟುವುದು, ಎರಡು ಗಂಟೆಯವರೆಗೂ ನಿದ್ದೆ ಹತ್ತದಿರುವುದು. ಮಾತಿನ ನಡುವೆ ಹಲವು ಸೆಕೆಂಡು ದೃಷ್ಟಿ ನೆಟ್ಟು, ಕರೆದರೂ ಓಗೊಡದೆ, ಆಮೇಲೆ ಏನೂ ಆಗದವರಂತೆ ಮುಂದುವರಿಯುತ್ತಿದ್ದರೆ ಅದು ಮರೆವಲ್ಲದೆ ಒಂದು ಬಗೆಯ ಫಿಟ್ಸ್ ಇರಬಹುದು, ಇಇಜಿ (ಮೆದುಳಿನ ವಿದ್ಯುತ್ ಅಲೆಗಳ ಪರೀಕ್ಷೆ) ಬೇಕಾಗುತ್ತದೆ. ಎಡಿಎಚ್‌ಡಿ (ಗಮನ ಒಂದೆಡೆ ನಿಲ್ಲದ, ಚಡಪಡಿಕೆಯ ಸ್ಥಿತಿ) ಜೊತೆಗೇ ಇರುವುದು ಬಹಳ ಸಾಮಾನ್ಯ, ಮತ್ತು ಅದಕ್ಕೆ ಔಷಧ ಇದೆ.

ಈಗಾಗಲೇ ತೆಗೆದುಕೊಳ್ಳುತ್ತಿರುವ ಔಷಧಗಳ ಪಟ್ಟಿ ನೋಡಿ. ಸಿಟ್ಟು, ಚಡಪಡಿಕೆಗೆ ಕೊಡುವ ರಿಸ್ಪೆರಿಡೋನ್ ತರಹದ ಮಾತ್ರೆಯಿಂದ ಬರುವ ಮೈಬಿಗಿತಕ್ಕೆಂದು ಕೊಡುವ ಟ್ರೈಹೆಕ್ಸಿಫೆನಿಡಿಲ್ ನೆನಪನ್ನು ಮಂಕು ಮಾಡಬಲ್ಲದು. ಶೀತಕ್ಕೆ ಅಂಗಡಿಯಲ್ಲಿ ಕೇಳಿ ತರುವ ಮಾತ್ರೆಗಳಲ್ಲಿರುವ ಕ್ಲೋರ್ಫೆನಿರಮಿನ್ ಕೂಡ. ಫಿಟ್ಸ್ ತಡೆಗೆ ಕೊಡುವ ಟೊಪಿರಮೇಟ್‌ನಿಂದ ಕೆಲವರಿಗೆ ಮಾತು ನಾಲಿಗೆಗೆ ಬರುವುದು ತಡವಾಗುತ್ತದೆ. ಯಾವುದನ್ನೂ ನೀವಾಗಿ ನಿಲ್ಲಿಸಬೇಡಿ, ಬರೆದುಕೊಟ್ಟವರ ಬಳಿಗೆ ಪಟ್ಟಿ ಒಯ್ದು "ಇದರಲ್ಲಿ ನೆನಪಿಗೆ ತೊಂದರೆ ಕೊಡುವುದು ಯಾವುದು?" ಎಂದು ನೇರವಾಗಿ ಕೇಳಿ. ನಿನ್ನೆಮೊನ್ನೆಯವರೆಗೆ ಬರುತ್ತಿದ್ದ ಕೆಲಸವೇ ಕೆಲವೇ ವಾರದಲ್ಲಿ ಕೈತಪ್ಪುತ್ತಿದ್ದರೆ, ಮಾತು, ಓಡಾಟ ನಿಧಾನವಾಗುತ್ತಿದ್ದರೆ ಕಾಯಬೇಡಿ.

ಪರೀಕ್ಷೆ ಮಾಡಿಸುವುದಾದರೆ ಬರೀ ಐಕ್ಯೂ ಅಂಕಿ ತಂದು ಪ್ರಯೋಜನವಿಲ್ಲ. ಅಂಕಿಗಳನ್ನು ಕೇಳಿದ ಹಾಗೇ ಹೇಳುವುದು, ಹಿಂದುಮುಂದಾಗಿ ಹೇಳುವುದು ಎರಡರ ಫಲಿತಾಂಶವೂ ಬೇರೆ ಬೇರೆ ವರದಿಯಲ್ಲಿರಲಿ ಎಂದು ಕೇಳಿ. ಮೊದಲನೆಯದು ಸರಿಯಿದ್ದು ಎರಡನೆಯದು ಬಿದ್ದರೆ ಹಿಡಿಯುವುದು ಕಷ್ಟವಲ್ಲ, ಹಿಡಿದು ತಿರುಗಿಸುವುದು ಕಷ್ಟ. ಎರಡೂ ಬಿದ್ದರೆ ಕಿವಿಯಿಂದ ಬರುವ ದಾರಿಯನ್ನೇ ನೋಡಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನ್ಯೂರೋಸೈಕಾಲಜಿ ವಿಭಾಗದವರು, ಕೇಳಿಸಿಕೊಳ್ಳುವ ಭಾಗಕ್ಕೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯವರು ಇಂಥದ್ದನ್ನು ನೋಡುತ್ತಾರೆ.

ಗಿರಗಿಟ್ಲೆ

ಮೆದುಳಿನ ಆಟದ ಆಪ್, ಬ್ರಾಹ್ಮಿ, ಕಣ್ಣು ಕಟ್ಟಿ ಓದಿಸೋ ಮಿಡ್‌ಬ್ರೇನ್ ಆಕ್ಟಿವೇಶನ್? ಯಾರಾದರೂ ಕೇಳೇ ಕೇಳ್ತಾರೆ, ನಾನೇ ಕೇಳಿಬಿಡ್ತೀನಿ.

ಮಗ್ಗಿಪುಸ್ತಕ

ಆಟ ಆಡಿದವರು ಆ ಆಟದಲ್ಲಿ ಜಾಣರಾಗುತ್ತಾರೆ. ಅದು ಓದಿಗೆ, ಲೆಕ್ಕಕ್ಕೆ, ದಿನದ ಕೆಲಸಕ್ಕೆ ದಾಟಿ ಬರುವುದಿಲ್ಲ ಎಂದು ಮೆಲ್ಬಿ-ಲೆರ್ವೋಗ್ ಮತ್ತು ಹ್ಯೂಮ್ 2013ರಲ್ಲಿ ಹಲವಾರು ಅಧ್ಯಯನಗಳನ್ನು ಒಟ್ಟಿಗೆ ತೂಗಿ ತೋರಿಸಿದರು. ಲ್ಯುಮಾಸಿಟಿ ಎಂಬ ಆಪ್‌ನವರು ಜಾಹೀರಾತಿನಲ್ಲಿ ಅತಿಯಾಗಿ ಹೇಳಿಕೊಂಡರೆಂಬ ಆರೋಪದ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಜೊತೆ 2016ರಲ್ಲಿ 20 ಲಕ್ಷ ಡಾಲರಿಗೆ ರಾಜಿಯಾಗಬೇಕಾಯಿತು. ಮಿಡ್‌ಬ್ರೇನ್ ಬಗ್ಗೆ ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ಬಹಿರಂಗ ಸವಾಲು ಹಾಕುತ್ತಲೇ ಬಂದಿದ್ದಾರೆ. ಕಣ್ಣಿಗೆ ಕಟ್ಟಿದ ಪಟ್ಟಿಯ ಕೆಳಗೆ, ಮೂಗಿನ ಪಕ್ಕದ ಸಂದಿಯಲ್ಲಿ ಕಾಣುತ್ತದೆ, ಅಷ್ಟೇ ಗುಟ್ಟು. ಬ್ರಾಹ್ಮಿ ತಂಬುಳಿ ರುಚಿಗೆ ಮಾಡಿ.

ಹಳೇಸಂಪು

ನೀರಿನ ಮೋಟರ್ ಅಂದರೆ ನನ್ನ ಇಲಾಖೆ. ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರು ಹತ್ತಿಸಿ ಮರೆತರೆ ರಸ್ತೆಗೆಲ್ಲ ನೀರು, ಪಕ್ಕದ ಮನೆಯವರ ಬೈಗುಳ. ಸಂಪು ಖಾಲಿಯಾದ ಮೇಲೂ ಓಡಿದರೆ ಮೋಟರೇ ಸುಡುತ್ತದೆ. ಎರಡನೆಯದು ದುಬಾರಿ.

ಅಲಾರಂ ಇಡುವುದು ಅರ್ಧ ಪರಿಹಾರ. 1000 ಲೀಟರ್ ಟ್ಯಾಂಕು, ನಿಮಿಷಕ್ಕೆ 30 ಲೀಟರ್ ಎತ್ತುವ ಪಂಪು ಎಂದರೆ ತುಂಬಲು ಸುಮಾರು 33 ನಿಮಿಷ. ಅದು ಟ್ಯಾಂಕು ಪೂರ್ತಿ ಖಾಲಿ ಇದ್ದಾಗಿನ ಲೆಕ್ಕ. ಅರ್ಧ ಇದ್ದರೆ 17 ನಿಮಿಷಕ್ಕೇ ಹರಿಯುತ್ತದೆ. ಟ್ಯಾಂಕಿನಲ್ಲಿ ಎಷ್ಟಿದೆ ಎಂದು ಅಂದಾಜು ಮಾಡುವುದು ಮತ್ತೆ ತಲೆಯ ಕೆಲಸವಾಯಿತು.

ಅದಕ್ಕೆ ಆಟೋಮ್ಯಾಟಿಕ್ ವಾಟರ್ ಲೆವೆಲ್ ಕಂಟ್ರೋಲರ್ ಹಾಕಿಸಿ. ಮೇಲಿನ ಟ್ಯಾಂಕಿಗೆ ಒಂದು, ಸಂಪಿಗೆ ಒಂದು, ಎರಡೂ ಕಡೆ ಸೆನ್ಸರ್ ಇರುವುದನ್ನೇ ಕೇಳಿ. ಮೇಲಿನದಕ್ಕೆ ಮಾತ್ರ ಹಾಕಿದರೆ ಒಣ ಓಟ ತಪ್ಪುವುದಿಲ್ಲ. ನೀರಿನಲ್ಲಿ ಮುಳುಗುವ ತಂತಿ ಕಡ್ಡಿಯ ಸೆನ್ಸರ್ ಬೇಡ. ಬೋರ್‌ವೆಲ್ ನೀರಿನ ಸುಣ್ಣ ಅದಕ್ಕೆ ಕಟ್ಟಿಕೊಂಡು ಕೆಲವು ತಿಂಗಳಲ್ಲಿ ಸುಳ್ಳು ಹೇಳತೊಡಗುತ್ತದೆ. ಅಯಸ್ಕಾಂತದ ಫ್ಲೋಟ್ ಇರುವುದು ಬಾಳಿಕೆ ಬರುತ್ತದೆ, ಅದನ್ನೂ ಟ್ಯಾಂಕು ತೊಳೆಯುವಾಗ ಒರೆಸಿ.

ಆನ್‌ಲೈನಲ್ಲಿ ಸಿಗುವ, ಫೋನಿನಿಂದ ಆನ್ ಆಫ್ ಮಾಡುವ ಸಣ್ಣ ಸ್ಮಾರ್ಟ್ ಪ್ಲಗ್ಗಿಗೆ ಮೋಟರ್ ಜೋಡಿಸಬೇಡಿ. 1 ಎಚ್‌ಪಿ ಅಂದರೆ 746 ವ್ಯಾಟ್ ಹೊರಗೆ ಕೊಡುವ ಶಕ್ತಿ. ಮೋಟರ್ ಕರೆಂಟು ಎಳೆಯುವುದು ಅದಕ್ಕಿಂತ ಹೆಚ್ಚು, ಶುರುವಾಗುವ ಕ್ಷಣದಲ್ಲಂತೂ ಹಲವು ಪಟ್ಟು. ಪ್ಲಗ್ಗಿನ ಒಳಗಿನ ರಿಲೇ (ಕರೆಂಟು ಹರಿಸಿ ನಿಲ್ಲಿಸುವ ಸ್ವಿಚ್) ಅಂಟಿಕೊಂಡರೆ ಆಪ್‌ನಲ್ಲಿ "ಆಫ್" ಅಂತ ತೋರಿಸುತ್ತ ಮೋಟರ್ ಓಡುತ್ತಲೇ ಇರುತ್ತದೆ. ಬಾಡಿಗೆ ಮನೆ, ಏನೂ ಹಾಕಿಸುವ ಹಾಗಿಲ್ಲ ಎಂದರೆ: ಓವರ್‌ಫ್ಲೋ ಪೈಪಿನ ಬಾಯಿಗೆ ನೀರು ತಾಗಿದರೆ ಕೂಗುವ ಬ್ಯಾಟರಿ ಅಲಾರಂ ಕಟ್ಟಿ. ನೀರು ಬೀಳುವ ಹೊತ್ತಿಗೇ ಗೊತ್ತಾಗುತ್ತದೆ.

ಚುಕ್ಕಿರಂಗೋಲಿ

ಎಲ್ಲರಿಗೂ ಥ್ಯಾಂಕ್ಸ್. ಬಾಯಲ್ಲಿ ಹೇಳುವ ಕೆಲಸದ ಬಗ್ಗೆ ಯಾರೂ ಮುಟ್ಟಲಿಲ್ಲ. ಜಗಳ ಆಗೋದು ಅಲ್ಲೇ.

ಮಗ್ಗಿಪುಸ್ತಕ

ಅಲ್ಲಿ ಕನ್ನಡದ ವಾಕ್ಯದ್ದೂ ಒಂದು ಪಾಲಿದೆ ಎಂದು ನನ್ನ ಅಭಿಪ್ರಾಯ. ಮನೆಯಲ್ಲಿ ಸಹಜವಾಗಿ ಹೇಳುವ ಒಂದು ಮಾತು ನೋಡಿ:

"ಮೇಲೆ ಹೋಗಿ, ಒಣಗಿರೋ ಬಟ್ಟೆ ತಗೊಂಡು, ಬರ್ತಾ ಲೈಟ್ ಆರಿಸಿ, ಅಜ್ಜಿ ಎದ್ದಿದ್ರೆ ಕಾಫಿ ಬೇಕಾ ಕೇಳಿ, ಬಟ್ಟೆ ನನ್ನ ರೂಮಲ್ಲಿ ಇಟ್ಬಿಡು."

ಹೋಗಿ, ತಗೊಂಡು, ಆರಿಸಿ, ಕೇಳಿ: ಒಂದೂ ಮುಗಿಯುವುದಿಲ್ಲ. ಕೊನೆಯ "ಇಟ್ಬಿಡು" ಬರುವವರೆಗೂ ಎಲ್ಲವನ್ನೂ ಎತ್ತಿ ಹಿಡಿದಿರಬೇಕು, ನಡುವೆ "ಎದ್ದಿದ್ರೆ" ಎಂಬ ಷರತ್ತು ಬೇರೆ. ಮೊದಲನೆಯದು ಮತ್ತು ಕೊನೆಯದು ಉಳಿಯುತ್ತವೆ, ನಡುವಿನವು ಬೀಳುತ್ತವೆ. ಬಟ್ಟೆ ರೂಮಿಗೆ ಬರುತ್ತದೆ. ಲೈಟು ಉರಿಯುತ್ತಿರುತ್ತದೆ, ಅಜ್ಜಿಗೆ ಕಾಫಿ ಇಲ್ಲ.

ಒಂದು ವಾಕ್ಯಕ್ಕೆ ಒಂದೇ ಕ್ರಿಯಾಪದ, ಅದೂ ಮುಗಿದದ್ದು. "ಮೇಲಿನ ಬಟ್ಟೆ ತಾ." ನಿಲ್ಲಿಸಿ. ಬಂದ ಮೇಲೆ ಮುಂದಿನದು. ಎರಡಕ್ಕಿಂತ ಹೆಚ್ಚಿದ್ದರೆ ಚೀಟಿ, ಅಥವಾ ವಾಟ್ಸಾಪಿನಲ್ಲಿ ಸಾಲಿಗೊಂದರಂತೆ. ವಾಯ್ಸ್ ಮೆಸೇಜ್ ಬೇಡ, ಅದು ಮತ್ತೆ ಕಿವಿಯ ದಾರಿಯೇ.

ಹೇಳಿದ ಮೇಲೆ ಹತ್ತು ಸೆಕೆಂಡು ಸುಮ್ಮನಿರಿ. ಉತ್ತರ ಬರಲಿಲ್ಲವೆಂದು ಮತ್ತೆ ಹೇಳುವುದಾದರೆ ಮೊದಲಿನ ಪದಗಳನ್ನೇ ಹೇಳಿ. "ಬಟ್ಟೆ ತಾ" ಎಂದವರು ಎರಡನೇ ಸಲ "ಆ ತಂತಿ ಮೇಲಿರೋದೆಲ್ಲ ಇಳಿಸೋಕೆ ಹೇಳಿದ್ನಲ್ಲ" ಎಂದರೆ ಕೇಳುವವರಿಗೆ ಅದು ಹೊಸ ಕೆಲಸ. ಅರ್ಧ ಅರಗಿದ್ದ ಮೊದಲನೆಯದು ಅಳಿಸಿಹೋಗುತ್ತದೆ.

"ಅರ್ಥ ಆಯ್ತಾ?" ಎಂದು ಕೇಳಬೇಡಿ. ಅದಕ್ಕೆ "ಹೂಂ" ಎನ್ನುವುದನ್ನು ಎಲ್ಲರೂ ಎಂದೋ ಕಲಿತಿರುತ್ತಾರೆ. "ಮೊದಲು ಯಾವುದು?" ಎಂದು ಕೇಳಿ, ಆದರೆ ಮೇಷ್ಟರ ದನಿಯಲ್ಲಿ ಬೇಡ.

ಎರಡನೇಶಿಫ್ಟ್

ಆಫೀಸಿನದು ನಾನು ಹೇಳ್ತೀನಿ. ಅಷ್ಟಾವಧಾನದಲ್ಲಿ ಅಪ್ರಸ್ತುತ ಪ್ರಸಂಗಿ ಅಂತ ಒಬ್ಬರನ್ನು ಕೂರಿಸಿರ್ತಾರಲ್ಲ, ಅವಧಾನಿ ಪದ್ಯ ಹಿಡಿದಿರುವಾಗ "ಮಧ್ಯಾಹ್ನ ಊಟಕ್ಕೆ ಏನಿತ್ತು ಸ್ವಾಮಿ" ಅಂತ ಕೆಣಕೋಕೆ. ಆಫೀಸಿನಲ್ಲಿ ಎಲ್ಲರೂ ಅದೇ ಹುದ್ದೆಯಲ್ಲಿರ್ತಾರೆ. ಅವಧಾನಿಗಾದರೂ ಕೊನೆಗೆ ಚಪ್ಪಾಳೆ ಸಿಗುತ್ತೆ.

ಯಾರಾದರೂ ಕರೆದಾಗ ತಕ್ಷಣ ತಲೆ ಎತ್ತಬೇಡಿ. "ಒಂದ್ನಿಮಿಷ ಸರ್" ಅಂದು ಅರ್ಧ ಸಾಲು ಬರೆಯಿರಿ. ಏನು ಮಾಡಿಯಾಗಿದೆ ಅಂತಲ್ಲ, ಮುಂದೆ ಕೈ ಏನು ಮಾಡಬೇಕು ಅಂತ: "ಸಾಲು 42, ಜಿಎಸ್‌ಟಿ ಕಾಲಂ ಸೇರಿಸು". ವಾಪಸ್ ಬಂದಾಗ ಯೋಚಿಸೋದೇ ಬೇಡ, ಓದಿ ಮಾಡೋದು. "ಬಿಲ್ ಕೆಲಸ ಅರ್ಧ ಆಗಿದೆ" ಅಂತ ಬರೆದುಕೊಂಡರೆ ಎಲ್ಲಿಂದ ಶುರು ಅಂತ ಹುಡುಕೋದರಲ್ಲೇ ಕಾಲು ಗಂಟೆ.

ಮೀಟಿಂಗಲ್ಲಿ ಬಾಯಲ್ಲಿ ಹೇಳಿದ್ದಕ್ಕೆ ಅವತ್ತೇ ಮೇಲ್ ಹಾಕಿ. ಮಾತು ಹೀಗಿದ್ದರೆ ಯಾರಿಗೂ ಬೇಜಾರಾಗಲ್ಲ: "ಸರ್, ಇವತ್ತಿನ ಮಾತಿನಲ್ಲಿ ನನ್ನ ಪಾಲಿಗೆ ಬಂದದ್ದು ಹೀಗೆ ಬರೆದುಕೊಂಡಿದ್ದೇನೆ. ಬಿಟ್ಟುಹೋದದ್ದಿದ್ದರೆ ತಿಳಿಸಿ." ಕೆಳಗೆ ಕೆಲಸ, ತಾರೀಕು. ಇದರಿಂದ ಇನ್ನೊಂದು ಲಾಭ, ಹೇಳಿದವರೇ ಮರೆತಾಗ ಕಾಗದ ನಿಮ್ಮ ಕಡೆ ಇರುತ್ತೆ.

ಓಟಿಪಿ ಆರು ಅಂಕಿ. ಒಂದು ಪರದೆಯಿಂದ ಇನ್ನೊಂದಕ್ಕೆ ಹೋಗುವಾಗ ನಾಲ್ಕು ಉಳಿಯುತ್ತೆ. ನೋಟಿಫಿಕೇಶನ್ನಿನಲ್ಲೇ ಕಾಪಿ ಮಾಡೋ ಬಟನ್ ಬರುತ್ತೆ, ಅದನ್ನು ಒತ್ತಿ. ಬರದಿದ್ದರೆ ಮೂರು ಮೂರಾಗಿ ಗಟ್ಟಿಯಾಗಿ ಓದಿ, "ನಾಲ್ಕು ನೂರ ಹನ್ನೆರಡು, ಏಳು ನೂರ ಐದು". ಆರು ಬಿಡಿ ಅಂಕಿ ಎರಡು ಸಂಖ್ಯೆ ಆಗುತ್ತೆ.

ಕಾನೂನು. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರ ಸೆಕ್ಷನ್ 20ರ ಪ್ರಕಾರ ಸರ್ಕಾರಿ ಕಚೇರಿಗಳು ತಕ್ಕ ಅನುಕೂಲ ಮಾಡಿಕೊಡಬೇಕು. ಸೆಕ್ಷನ್ 21ರಂತೆ ಪ್ರತಿ ಸಂಸ್ಥೆಯೂ ಸಮಾನ ಅವಕಾಶದ ನೀತಿ ಪ್ರಕಟಿಸಬೇಕು, ಖಾಸಗಿಯವರೂ ಸೇರಿ. ಕೇಳುವಾಗ "ನನಗೆ ಮೆಮೊರಿ ಪ್ರಾಬ್ಲಂ" ಅನ್ನಬೇಡಿ, ಕೆಲಸ ಕೊಡೋಕೇ ಹೆದರ್ತಾರೆ. "ಸೂಚನೆಗಳು ಬರಹದಲ್ಲಿ ಬೇಕು, ಕೂರುವ ಜಾಗ ಓಡಾಟದ ದಾರಿಯಲ್ಲಿ ಬೇಡ" ಅಂತ ಬೇಕಾದ್ದನ್ನೇ ಹೆಸರು ಹೇಳಿ ಕೇಳಿ.

ಯುಡಿಐಡಿ ಕಾರ್ಡಿಗೆ (ಸರ್ಕಾರ ಕೊಡೋ ವಿಕಲಚೇತನರ ಗುರುತಿನ ಚೀಟಿ) ಮಾಡೋ, ಆಟಿಸಂ ಎಷ್ಟಿದೆ ಅಂತ ಅಳೆಯೋ ಐಎಸ್‌ಎಎ ಪರೀಕ್ಷೆ ಈ ವಿಷಯದಲ್ಲಿ ನೆರವಿಗೆ ಬರಲ್ಲ. ಅದರಲ್ಲಿ 40 ಪ್ರಶ್ನೆ, ಒಂದೊಂದಕ್ಕೆ 1ರಿಂದ 5. 70 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಆಟಿಸಂ ಅಂತ ಲೆಕ್ಕ. ನೆನಪಿನ ಬಗ್ಗೆ ಇರೋ ಪ್ರಶ್ನೆ ಯಾವುದು ಗೊತ್ತಾ? ಅಸಾಮಾನ್ಯ ನೆನಪಿನ ಶಕ್ತಿ ಇದೆಯಾ ಅಂತ! ಇಲ್ಲದಿರೋದನ್ನ ಯಾರೂ ಕೇಳಲ್ಲ. ಆದ್ದರಿಂದ ಸ್ಟೆತಸ್ಕೋಪು ಅವರು ಹೇಳಿದ ವರದಿ ಬೇರೆಯಾಗಿ ಇಟ್ಟುಕೊಳ್ಳಿ.

ಮಲಪ್ರಭಾತೀರ

ಬಾಗಲಾ ಹಾಕಿದೆನೋ ಇಲ್ಲೋ ಅಂತ ಅರ್ಧ ದಾರಿಯಿಂದ ವಾಪಸ್ ಬರೂ ಮಂದಿಗೆ ಒಂದು ಹೇಳ್ತೀನ್ರಿ. ಜಪಾನದ ರೈಲ್ವೆಯವರು ಸಿಗ್ನಲ್ ನೋಡಿದಾಗ ಬೆರಳು ಮಾಡಿ ತೋರಿಸಿ, ಬಾಯಿಲೆ ಜೋರಾಗಿ ಹೇಳ್ತಾರ. ಹಂಗ ಕೀಲಿ ಜಗ್ಗಿ ನೋಡಿ, ಬೆರಳು ಮಾಡಿ "ಮಂಗಳವಾರ, ಕೀಲಿ ಬಿತ್ತು" ಅನ್ರಿ. ವಾರದ ಹೆಸರು ಹೇಳೂದು ಮುಖ್ಯ, ಇಲ್ಲಂದ್ರ ನಿನ್ನಿದು ಇವತ್ತಿನದು ಕಲಸಿ ಹೋಗ್ತಾವ. ಫೋಟೋ ತಗೊಳ್ಳೂದು ಬ್ಯಾಡ್ರಿ, ಆಮ್ಯಾಲ ದಾರಿ ತುಂಬ ಫೋಟೋ ನೋಡೂ ಚಟ ಹತ್ತತದ.

ಬಾಗಲಕ್ಕ ಅಂಟಿಸಿದ ಚೀಟಿ ಮೂರು ವಾರಕ್ಕ ಗ್ವಾಡಿ ಆಗ್ತದ, ಕಣ್ಣಿಗೆ ಬೀಳಂಗಿಲ್ಲ. ಬಣ್ಣ, ಜಾಗಾ ಬದಲಿ ಮಾಡ್ತಾ ಇರ್ರಿ.

ಚುಕ್ಕಿರಂಗೋಲಿ

ಒಗ್ಗರಣೆಸೌಟು ಅವರೇ, ಒಂದು ಅನುಮಾನ. ಇಂಡಕ್ಷನ್ ಇಟ್ಟುಕೊಂಡರೆ ಲೈಟರೇ ಇರುವುದಿಲ್ಲವಲ್ಲ, ವೆಯ್ಟ್ ಯಾವುದರ ಜೊತೆ ಇಡೋದು?

ಒಗ್ಗರಣೆಸೌಟು

ಒಲೆಯ ಪ್ಲಗ್ಗಿನ ಸ್ವಿಚ್ ಪಕ್ಕ ಒಂದು ಹುಕ್ ಅಂಟಿಸಿ, ವೆಯ್ಟಿಗೆ ದಾರ ಕಟ್ಟಿ ಸ್ವಿಚ್ ಮೇಲೇ ಬೀಳೋ ಹಾಗೆ ತೂಗುಹಾಕಿ. ಸ್ವಿಚ್ ಒತ್ತಬೇಕಾದರೆ ಅದನ್ನು ಕೈಗೆ ತಗೊಳ್ಳಲೇಬೇಕು. ಕುಕ್ಕರಿಗೆ ಹಾಕೋವಾಗ ದಾರ ಬಿಚ್ಚಿಬಿಡಿ ಮತ್ತೆ, ದಾರದ ಸಮೇತ ಕೂರಿಸಬೇಡಿ. ಅದೂ ಬೇಡ ಅಂದರೆ ವೆಯ್ಟ್ ಮುಚ್ಚಳದಲ್ಲೇ ಕೂತಿರೋ ಒಳಮುಚ್ಚಳದ ಕುಕ್ಕರ್ ತಗೊಳ್ಳಿ, ಸ್ಟೀಲಿಂದು, ತಳಕ್ಕೆ ಅಯಸ್ಕಾಂತ ಹಿಡಿದು ನೋಡಿ.